ತಾನಾಗಿಯೇ ಆದ ಅಪ್‌ಡೇಟ್

"ಮುಟ್ಬೇಡಿ!"

ಭಾವ ಕೂಗಿದ ರಭಸಕ್ಕೆ ಅಳಿಯ ಚಾಚಿದ್ದ ಕೈಯನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡ.

ಭಾವ ಎಂದರೆ ನನ್ನ ಅಕ್ಕನ ಗಂಡ, ನಿವೃತ್ತ ಭೂಗೋಳದ ಮೇಷ್ಟ್ರು. ಅಳಿಯ ಎಂದರೆ ಈ ಲಿಫ್ಟ್ ರಿಪೇರಿ ಕಂಪನಿಯ ಯಜಮಾನರ ಮಗಳ ಗಂಡ. ಇಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಾರೆ. ಇಬ್ಬರನ್ನೂ ಬೆಳಗಿನಿಂದ ಸಹಿಸಿಕೊಂಡು ನನಗೆ ತಲೆ ಚಿಟ್ಟು ಹಿಡಿದಿತ್ತು.

"ಒಂದ್ಸಲ ರೀಸ್ಟಾರ್ಟ್ ಮಾಡಿ ಕೊಡ್ತೀನಿ ಸಾರ್, ಸ್ವಲ್ಪ ಸ್ಲೋ ಇದೆ," ಎಂದ ಅಳಿಯ.

"ಸ್ಲೋ ಇದ್ರೆ ಇರ್ಲಿ ಬಿಡಪ್ಪ. ನಾನೇನು ರೈಲು ಹಿಡೀಬೇಕಾಗಿಲ್ಲ."

ಮೇಜಿನ ಮೇಲೆ ಕಂಪನಿಯ ಫೋನು ಬಿದ್ದುಕೊಂಡಿತ್ತು. ಗ್ರೀಸಿನ ಬೆರಳಚ್ಚು ಹತ್ತಿದ ರಬ್ಬರ್ ಕವರು, ಒಂದು ಮೂಲೆಯಲ್ಲಿ ಬಿರುಕು. ಆಫೀಸಿಗೆ ಬರುವ, ಆಫೀಸಿನಿಂದ ಹೋಗುವ ಪ್ರತಿಯೊಂದು ಕರೆಯೂ ಎರಡೂ ಕಡೆಯ ಮಾತಿನ ಸಮೇತ ಇದರಲ್ಲಿ ರೆಕಾರ್ಡ್ ಆಗುತ್ತಿತ್ತು. ನಮಗೆ ಬೇಕಾಗಿದ್ದ ಒಂದೇ ಒಂದು ಕರೆ ಮಾತ್ರ ಇರಲಿಲ್ಲ.

ಕಳೆದ ವಾರ ಎಂಟು ಅಂತಸ್ತಿನ ಕಟ್ಟಡವೊಂದರಲ್ಲಿ ಲಿಫ್ಟಿನ ತಳದ ಗುಂಡಿಗೆ ಇಳಿದಿದ್ದ ಮೆಕ್ಯಾನಿಕ್ ಮೇಲೆ ಲಿಫ್ಟು ಬಂದು ಅವನ ಕಾಲು ಜಜ್ಜಿಹೋಗಿತ್ತು. ಮೇನ್ ಸ್ವಿಚ್ ಆಫ್ ಆಗಿದೆ, ಇಳಿ ಎಂದು ಅವನಿಗೆ ಫೋನಿನಲ್ಲಿ ಹೇಳಿದವಳು ಈ ಆಫೀಸಿನ ಆಪರೇಟರ್ ಪುಟ್ಟಿ. ಅವನ ಒಡಹುಟ್ಟಿದ ತಂಗಿ.

ಕಂಪನಿಯ ಪದ್ಧತಿಯೇ ಅದು. ಮೇಲೆ ಮಷಿನ್ ರೂಮಿನಲ್ಲಿ ಕರೆಂಟು ತೆಗೆಯುವವನು ಕೆಳಗಿನವನಿಗೆ ನೇರವಾಗಿ ಹೇಳುವಂತಿಲ್ಲ. ಅವನು ಆಫೀಸಿಗೆ ಹೇಳಬೇಕು, ಆಫೀಸು ಕೆಳಗಿನವನಿಗೆ ಹೇಳಬೇಕು. ನಾಳೆ ಯಾರೂ ನಾನು ಹಾಗೆ ಹೇಳಲೇ ಇಲ್ಲ ಎಂದು ಜಾರಿಕೊಳ್ಳಬಾರದು, ಎಲ್ಲ ರೆಕಾರ್ಡಿನಲ್ಲಿರಲಿ ಎಂದು ಈ ಏರ್ಪಾಡು. ಅಂದು ಮೇಲಿದ್ದವನು ಅಳಿಯ. ಮೇನ್ ಆಫ್ ಮಾಡಿದ್ದೇನೆಂದು ಅವನೇ ಫೋನ್ ಮಾಡಿ ಹೇಳಿದ ಎನ್ನುತ್ತಾಳೆ ಪುಟ್ಟಿ. ನಾನು ಫೋನ್ ಮಾಡಿದ್ದು ಬೋಲ್ಟ್ ಕಳಿಸು ಅನ್ನುವುದಕ್ಕೆ, ಮೇನಿನ ಮಾತೇ ಬರಲಿಲ್ಲ ಎನ್ನುತ್ತಾನೆ ಅಳಿಯ.

ಸಂಜೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಬರುವವರಿದ್ದರು. ಅಷ್ಟರೊಳಗೆ ಪತ್ತೇದಾರಳಾದ ನಾನು ಪುಟ್ಟಿಯ ಮಾತಿಗೆ ಆಧಾರ ಹುಡುಕದಿದ್ದರೆ ಎಲ್ಲ ಅವಳ ತಲೆಗೇ. ಕೆಲಸ ಹೋಗುವುದು, ಕೇಸು ಬೀಳುವುದು ಒಂದು ಕಡೆ. ಕಿಟಕಿಯ ಪಕ್ಕ ಬೆನ್ನು ತಿರುಗಿಸಿ ಕೂತಿದ್ದ ಅವಳ ಅತ್ತಿಗೆ ಇನ್ನೊಂದು ಕಡೆ. ನಾದಿನಿ ಅತ್ತಿಗೆ ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಗಂಡನನ್ನು ಆಸ್ಪತ್ರೆಗೆ ಸೇರಿಸಿದ ದಿನದಿಂದ ಅತ್ತಿಗೆ ಪುಟ್ಟಿಯ ಮುಖ ನೋಡಿರಲಿಲ್ಲ. ಇವತ್ತೂ ನಾನು ಹೇಳಿಕಳಿಸಿದ್ದಕ್ಕೆ ಬಂದಿದ್ದಳೇ ಹೊರತು ನಾದಿನಿಯ ಮೇಲಿನ ಕಕ್ಕುಲಾತಿಗಲ್ಲ.

"ಎಷ್ಟು ಸಲ ಹೇಳೋದು ಮೇಡಂ," ಎಂದ ಅಳಿಯ ನನ್ನ ಕಡೆ ತಿರುಗಿ. "ಆವತ್ತು ಬೆಳಿಗ್ಗೆ ಫೋನು ತಾನಾಗೇ ಅಪ್‌ಡೇಟ್ ಆಯ್ತು. ಆಮೇಲಿಂದ ರೆಕಾರ್ಡರ್ ಸತ್ತಿದೆ. ನಿಮ್ಮ ಫೋನ್ ಹಾಗೆ ಮಾಡಲ್ವಾ?"

ಮಾಡುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಗಡಿಯಾರ ಒಂದು ಕಡೆ, ಅಲಾರಂ ಇನ್ನೊಂದು ಕಡೆ ಹೋಗಿ ಕೂತಿರುತ್ತವೆ. ನನ್ನಂಥವರು ಊರಲ್ಲೆಲ್ಲ ಇರುವುದರಿಂದಲೇ ಅವನ ಮಾತನ್ನು ಎಲ್ಲರೂ ನಂಬಿದ್ದರು. ಹಾಳಾದ ಅಪ್‌ಡೇಟ್ ಎಂದು ನಾಲ್ಕು ಬೈಗುಳ ಬೈದು ಸುಮ್ಮನಾಗಿದ್ದರು.

"ಸತ್ಯ ಹೊರಗೆ ಬರ್ಲಿ ತಾಯಿ," ಎಂದರು ಯಜಮಾನರು ತಮ್ಮ ಮೆತ್ತಗಿನ ದನಿಯಲ್ಲಿ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎದುರಿಗೆ ನೀರಿನ ಲೋಟ. "ನಂಗೂ ಅದೇ ಬೇಕಾಗಿರೋದು. ಪುಟ್ಟಿ ನಮ್ಮನೆ ಮಗಳಿದ್ದ ಹಾಗೆ. ನೀವು ಎಷ್ಟು ಹೊತ್ತು ಬೇಕಾದ್ರೂ ನೋಡಿ."

"ಹೆಹ್!" ಎಂದರು ಭಾವ.

ಫೋನಿನ ಪರದೆಗೆ ಮೂಗು ತಗುಲುವಷ್ಟು ಬಗ್ಗಿ ಕನ್ನಡಕದೊಳಗೆ ನಗುತ್ತಿದ್ದರು. ಹಿಂದೆ ಯಾವನಾದರೂ ಹುಡುಗ ನಕ್ಷೆಯಲ್ಲಿ ನದಿಯನ್ನು ಬೆಟ್ಟ ಹತ್ತಿಸಿದಾಗ ಅವರು ನಕ್ಕಿದ್ದು ಹೀಗೇ ಇರಬೇಕು. ನಾನು ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದೆ. ಫೋನನ್ನು ಅವರು ಕೈಬಿಡಲಿಲ್ಲ.

ಲಿಫ್ಟ್ ಕಂಪನಿಯ ಆಫೀಸು ಎರಡನೇ ಮಹಡಿಯಲ್ಲಿದೆ, ಆದರೆ ಕಟ್ಟಡಕ್ಕೆ ಲಿಫ್ಟಿಲ್ಲ. ನನ್ನ ಮಂಡಿ ಬೆಳಿಗ್ಗೆ ಬರುವಾಗಲೇ ಕಂಪನಿಗೆ ಹಿಡಿಶಾಪ ಹಾಕಿತ್ತು. ಮೆಟ್ಟಿಲ ಮೇಲೆ ನಿಂತರೆ ಕೆಳಗಿನ ವರ್ಕ್‌ಶಾಪು ಕಾಣುತ್ತದೆ: ಸುರುಳಿ ಸುತ್ತಿಟ್ಟ ಉಕ್ಕಿನ ಹಗ್ಗ, ಕಬ್ಬಿಣದ ತೂಕದ ಗಟ್ಟಿಗಳು, ಹೊಟ್ಟೆ ಬಿಚ್ಚಿಕೊಂಡು ಬಿದ್ದ ಹಳೆಯ ಮೋಟರುಗಳು.

"ಹೇಳಿ ಭಾವ. ಚುಟುಕಾಗಿ."

"ಚುಟುಕಾಗಿ ಹೇಳೋ ವಿಷಯ ಅಲ್ಲಮ್ಮ ಇದು. ಮೊದಲು ಆಂಡ್ರಾಯ್ಡ್ ಅಂದ್ರೆ ಏನು ಅಂತ..."

"ಇನ್ಸ್‌ಪೆಕ್ಟರ್ ಬರೋದು ಇವತ್ತು ಸಂಜೆ. ಮುಂದಿನ ವರ್ಷ ಅಲ್ಲ."

ಭಾವ ಮುಖ ಸಣ್ಣದು ಮಾಡಿಕೊಂಡರು. ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಹತ್ತಿದ ಹುಚ್ಚು ಇದೊಂದೇ. ಮನೆಯಲ್ಲಿರುವ ಫೋನುಗಳನ್ನೆಲ್ಲ ಬಿಚ್ಚದೆಯೇ ಒಳಗಿನಿಂದ ಬದಲಾಯಿಸುವುದು. ಯಾರಾದರೂ ಕೇಳಿದರೆ ಸಾಕು ಎಂದು ಕಾಯುತ್ತಿರುತ್ತಾರೆ, ಯಾರೂ ಕೇಳುವುದಿಲ್ಲ.

"ಈ ಫೋನ್ ರೂಟ್ ಆಗಿದೆ," ಎಂದರು.

"ಅಂದ್ರೆ?"

"ಬಾಡಿಗೆ ಮನೇಲಿ ಮಾಲೀಕ ಒಂದು ಕೋಣೆಗೆ ಬೀಗ ಜಡಿದು ಕೀಲಿಕೈ ತಾನೇ ಇಟ್ಕೊಂಡಿರ್ತಾನಲ್ಲ? ಹಾಗೆ ಫೋನ್ ಮಾಡೋ ಕಂಪನಿಯೋರು ಒಳಗಿನ ಮುಖ್ಯ ಕೋಣೆಗೆ ಬೀಗ ಹಾಕಿರ್ತಾರೆ. ಅದನ್ನ ತೆಗೆದು ನಮ್ಮ ಬೀಗ ಹಾಕ್ಕೊಳ್ಳೋದೇ ರೂಟ್ ಮಾಡೋದು. ಆಮೇಲೆ ಫೋನಿಗೆ ನಾವೇ ದೊರೆ. ಎರಡೂ ಕಡೆ ಮಾತು ರೆಕಾರ್ಡ್ ಆಗ್ಬೇಕು ಅಂತಾನೇ ಆ ಅಳಿಯ ಇದನ್ನ ಮಾಡಿರೋದು. ಚೆನ್ನಾಗೇ ಮಾಡಿದಾನೆ, ಸುಳ್ಳು ಯಾಕೆ ಹೇಳ್ಲಿ."

"ಸರಿ. ಅಪ್‌ಡೇಟ್?"

"ಅಪ್‌ಡೇಟ್ ಅಂದ್ರೆ ಮಾಲೀಕ ಕಳಿಸಿದ ಬಡಗಿ. ಬಾಗಿಲು ದುರಸ್ತಿ ಮಾಡೋಕೆ ಬರ್ತಾನೆ. ಬೇರೆ ಯಾರದೋ ಬೀಗ ಕಂಡ್ರೆ, ಇದು ನಾವು ಹಾಕಿದ ಬಾಗಿಲಲ್ಲ ಅಂತ ಉಳಿ ಸುತ್ತಿಗೆ ಚೀಲಕ್ಕೆ ತುಂಬ್ಕೊಂಡು ವಾಪಸ್ ಹೋಗ್ತಾನೆ. ಅಪ್‌ಡೇಟ್ ಅರ್ಧಕ್ಕೆ ನಿಂತು, ಆಗಲ್ಲ ಅನ್ನುತ್ತೆ. ಕೆಲವು ಸಲ ಇಡೀ ಬಾಗಿಲೇ ಹೊಸದು ತಂದಿರ್ತಾನೆ, ಹಳೇದು ಕಿತ್ತು ಅದನ್ನ ಕೂರಿಸಿ ಹೋಗ್ತಾನೆ. ಆಗ ಅಪ್‌ಡೇಟ್ ಏನೋ ಆಗುತ್ತೆ, ಆದ್ರೆ ಹೊಸ ಬಾಗಿಲಲ್ಲಿ ನಮ್ಮ ಬೀಗ ಎಲ್ಲಿರುತ್ತೆ? ರೂಟ್ ಹೋಯ್ತು."

ಭಾವನ ಪಾಠ ನನಗೆ ಅರ್ಥವಾಗುತ್ತಿತ್ತು. ಇದು ನಮ್ಮಿಬ್ಬರಿಗೂ ಹೊಸ ಅನುಭವ.

"ಅಂದ್ರೆ ತಾನಾಗೇ ಆಗೋಕೆ ಹೋದ್ರೆ, ಒಂದೋ ಅಪ್‌ಡೇಟ್ ಆಗಿರಲ್ಲ, ಇಲ್ಲಾ ರೂಟ್ ಉಳಿದಿರಲ್ಲ."

"ಶಭಾಷ್!"

"ಈ ಫೋನಲ್ಲಿ?"

"ಹೊಸ ಅಪ್‌ಡೇಟೂ ಕೂತಿದೆ, ರೂಟೂ ಕಲ್ಲುಗುಂಡಿನ ಹಾಗಿದೆ," ಎಂದು ಭಾವ ಪರದೆಯನ್ನು ನನ್ನ ಮೂಗಿನ ಮುಂದೆ ಹಿಡಿದರು.

ನನ್ನ ಮಂಡಿನೋವು ಎಲ್ಲಿ ಹೋಯಿತೋ.

"ಎರಡೂ ಉಳಿಯೋಕೆ ದಾರಿನೇ ಇಲ್ವಾ?"

"ಇದೆ. ಮನುಷ್ಯ ಕೂತು ಕೈಯಾರೆ ಮಾಡ್ಬೇಕು. ಮೊದಲು ನಮ್ಮ ಬೀಗ ತೆಗೆದು ಹಳೇ ಬೀಗಾನೇ ಹಾಕಿಡೋದು, ಬಡಗಿಗೆ ಅನುಮಾನ ಬರದೇ ಇರ್ಲಿ ಅಂತ. ಅಪ್‌ಡೇಟ್ ಇಳಿಸೋದು. ಇಳಿದ್ಮೇಲೆ ರೀಸ್ಟಾರ್ಟ್ ಮಾಡು ಅಂತ ಅದು ಗೋಗರೆಯುತ್ತೆ. ಮಾಡ್ಬಾರ್ದು! ಹೊಸ ಬಾಗಿಲಿಗೆ ನಮ್ಮ ಬೀಗ ಕೂರಿಸ್ಬೇಕು, ಆಮೇಲೆ ರೀಸ್ಟಾರ್ಟ್. ಅಲ್ಲೇ ಎಲ್ಲರೂ ಎಡವೋದು. ನಿಮ್ಮಕ್ಕನ ಫೋನಲ್ಲಿ ನಾನು ಎಡವಿದ್ದೂ ಅಲ್ಲೇ."

"ಗೊತ್ತು. ಅಕ್ಕ ನಿಮ್ಮ ಜೊತೆ ಮಾತು ಬಿಟ್ಟಿದ್ಲು."

"ಎಂಥ ಪ್ರಶಾಂತವಾದ ದಿನಗಳು," ಎಂದು ಭಾವ ನಿಟ್ಟುಸಿರು ಬಿಟ್ಟರು.

ನಾನು ಕಂಬಿಗೆ ಒರಗಿ ನಿಂತೆ. ಒಂದು ವಿಷಯ ತಾಳೆಯಾಗುತ್ತಿರಲಿಲ್ಲ. ಅಳಿಯ ದಡ್ಡನಲ್ಲ. ಆ ಒಂದು ದಿನದ ರೆಕಾರ್ಡಿಂಗ್ ಮಾತ್ರ ಅಳಿಸಿದ್ದರೆ ಯಾಕೆ ಇಲ್ಲ ಎಂದು ಕೇಳುತ್ತಾರೆ, ಅದಕ್ಕೊಂದು ನೆಪ ಬೇಕು, ಆ ನೆಪಕ್ಕೆ ಅಪ್‌ಡೇಟ್. ಅಲ್ಲಿಯವರೆಗೆ ತಲೆ ಓಡಿಸಿದವನು ಕೊನೆಯ ಹೆಜ್ಜೆ ಬಿಟ್ಟಿದ್ದರೆ ಸಾಕಿತ್ತು. ರೂಟ್ ಹೋಗಿರುತ್ತಿತ್ತು, ಅವನ ಸುಳ್ಳು ಗಟ್ಟಿಯಾಗಿರುತ್ತಿತ್ತು, ನಾವು ಕೈ ಕೈ ಹಿಸುಕಿಕೊಂಡು ಮನೆಗೆ ಹೋಗಿರುತ್ತಿದ್ದೆವು.

"ರೂಟ್ ಹೋಗೋಕೆ ಅವನು ಯಾಕೆ ಬಿಡಲಿಲ್ಲ ಭಾವ?"

"ಬಿಡೋಕಾಗಲ್ಲಮ್ಮ." ಅವರು ಇದನ್ನು ಹೇಳಿದ ಗಂಭೀರತೆ ನೋಡಬೇಕಿತ್ತು. "ವರ್ಷಗಟ್ಟಲೆ ಪಳಗಿದ ಕೈ. ತಲೇಲಿ ಏನೇ ಓಡ್ತಿರ್ಲಿ, ಬೆರಳು ತನ್ನ ಪಾಡಿಗೆ ತಾನು ಹೋಗಿ ಒತ್ತುತ್ತೆ. ಅದೂ ಅಲ್ದೆ, ಅಪ್‌ಡೇಟ್ ಮಾಡೋಕೆ ಹೋಗಿ ರೂಟ್ ಕಳ್ಕೊಂಡ ಅಂದ್ರೆ ನಮ್ಮವರಲ್ಲಿ ತಲೆ ಎತ್ತಿ ಓಡಾಡೋ ಹಾಗಿಲ್ಲ."

ನಮ್ಮವರಲ್ಲಿ! ಇವರಿಗೊಂದು ಕುಲವೇ ಇದೆ ಎಂದು ನನಗೆ ಅಂದೇ ಗೊತ್ತಾಗಿದ್ದು.

"ಹಾಗಾದ್ರೆ ಅಪ್‌ಡೇಟ್‌ಗೆ ಮುಂಚೆ ಆ ಕೈ ತನ್ನ ಪಾಡಿಗೆ ತಾನು ಇನ್ನೇನೇನು ಮಾಡುತ್ತೆ?"

ಭಾವ ಬಾಯಿ ತೆರೆದರು. ಮುಚ್ಚಿದರು. ಕನ್ನಡಕದ ಹಿಂದೆ ಅವರ ಕಣ್ಣು ಅಗಲವಾಯಿತು. ಆಮೇಲೆ ಒಂದೇ ಒಂದು ಪದ ಹೇಳಿದರು. ನಾನು ಅವರ ಕಿವಿಯಲ್ಲಿ ಎರಡು ಮಾತು ಉಸುರಿದೆ.

"ಬೈಯೋದಾ?" ಭಾವನ ಮುಖ ಅರಳಿತು. "ಅದನ್ನ ನಂಗೆ ಬಿಡು."

*

ಒಳಗೆ ಹೋಗಿ ಅಳಿಯನ ಎದುರು ಕುರ್ಚಿ ಎಳೆದುಕೊಂಡು ಕೂತೆ.

"ಫೋನು ತಾನಾಗೇ ಅಪ್‌ಡೇಟ್ ಆಯ್ತು ಅಂದ್ರಿ."

"ಹೌದು ಮೇಡಂ."

"ನೀವು ಮುಟ್ಟಲಿಲ್ಲ."

"ನಾನು ಸೈಟಲ್ಲಿದ್ದೆ. ಹೇಗೆ ಮುಟ್ಲಿ?"

"ಆಮೇಲೂ ಮುಟ್ಟಿಲ್ವಾ?"

"ಮನುಷ್ಯ ಒದ್ದಾಡ್ತಾ ಬಿದ್ದಿದ್ದಾಗ ಫೋನ್ ಯಾರಿಗೆ ಬೇಕಿತ್ತು ಮೇಡಂ?" ದನಿಯಲ್ಲಿ ನೋವು ತುಂಬಿಕೊಂಡು ಹೇಳಿದ.

"ಎಲ್ಲರೂ ಕೇಳಿಸ್ಕೊಂಡ್ರಲ್ಲ? ಭಾವ, ತೋರಿಸಿ."

ಭಾವ ಫೋನನ್ನು ಮೇಜಿನ ನಡುವೆ ಇಟ್ಟು, ಬಡಗಿ, ಬಾಗಿಲು, ಬೀಗ ಎಲ್ಲವನ್ನೂ ಮತ್ತೊಮ್ಮೆ ಒಪ್ಪಿಸಿದರು. ಮೆಟ್ಟಿಲ ಮೇಲೆ ನನಗೆ ಹೇಳಿದ್ದಕ್ಕಿಂತ ಉದ್ದವಾಗಿ, ಕೈಸನ್ನೆ ಸಮೇತ. ಅವರು ಮಾತಾಡುತ್ತಿದ್ದಂತೆ ಅಳಿಯನ ಮುಖದ ಬಣ್ಣ ಇಳಿಯತೊಡಗಿತು. ಬೇರೆ ಯಾರಿಗೆ ಅರ್ಥವಾಯಿತೋ ಬಿಟ್ಟಿತೋ, ಅವನಿಗೆ ಮಾತ್ರ ಪ್ರತಿ ಅಕ್ಷರವೂ ಅರ್ಥವಾಗುತ್ತಿತ್ತು.

ಪುಟ್ಟಿ ನನ್ನನ್ನೂ ಫೋನನ್ನೂ ಬದಲಿಸಿ ಬದಲಿಸಿ ನೋಡಿದಳು. "ಅಂದ್ರೆ ಮೇಡಂ?"

"ಅಂದ್ರೆ ಪುಟ್ಟಿ, ಈ ಅಪ್‌ಡೇಟ್ ತಾನಾಗಿ ಆಗಿದ್ದಲ್ಲ. ಈ ಮಹಾನುಭಾವರು ಕೂತು, ಒಂದೂ ಹೆಜ್ಜೆ ತಪ್ಪದ ಹಾಗೆ, ಕೈಯಾರೆ ಮಾಡಿದ್ದು."

ಅತ್ತಿಗೆ ಮೊದಲ ಸಲ ಕಿಟಕಿಯಿಂದ ಈ ಕಡೆ ತಿರುಗಿದಳು.

"ಏನಪ್ಪ ಇದು?" ಎಂದರು ಯಜಮಾನರು.

ಅಳಿಯ ತುಟಿ ಸವರಿಕೊಂಡ. ಕಳ್ಳನಿಗೂ ಯೋಚಿಸಲು ಒಂದು ಗಳಿಗೆ ಬೇಕು. ಅವನು ಅದನ್ನು ಚೆನ್ನಾಗಿಯೇ ಬಳಸಿಕೊಂಡ.

"ಸರಿ. ನಾನೇ ಮಾಡ್ದೆ. ಬೆಳಿಗ್ಗೆ, ಸೈಟಿಗೆ ಹೊರಡೋ ಮುಂಚೆ. ರೆಕಾರ್ಡರ್ ಕೆಟ್ಟೋಯ್ತು. ಮಾವ ಬೈತಾರೆ ಅಂತ ತಾನಾಗೇ ಆಯ್ತು ಅಂದೆ. ಅದು ತಪ್ಪು, ಒಪ್ಕೋತೀನಿ. ಆದ್ರೆ ಕರೆ ಮಾಡೋ ಹೊತ್ತಿಗೆ ರೆಕಾರ್ಡರ್ ಇರಲಿಲ್ಲ ಅನ್ನೋದು ನಿಜ ತಾನೆ? ಅವಳು ಹೇಳೋದಕ್ಕೆ ಆಧಾರ ಎಲ್ಲಿದೆ?"

ನೋಡಿ ಅವನ ಧೈರ್ಯ! ಒಂದು ಸುಳ್ಳು ಕಳಚಿಬಿದ್ದರೆ ಅದರ ಕೆಳಗೆ ಇನ್ನೊಂದನ್ನು ತೊಟ್ಟುಕೊಂಡೇ ಬಂದಿದ್ದ. ಪುಟ್ಟಿಯ ಮುಖ ಮತ್ತೆ ಬಾಡಿತು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮೇಜಿನ ಕೆಳಗೆ ಭಾವನ ಪಾದ ತುಳಿದೆ.

"ಇರ್ಬಹುದು ಕಣಮ್ಮ," ಎಂದರು ಭಾವ ಆಕಳಿಸುತ್ತಾ. "ಇವನು ಹೇಳೋದು ನಿಜಾನೇ ಇರ್ಬೇಕು. ಇಂಥ ಅರೆಬರೆ ಕೆಲಸ ಮಾಡೋರು ರೆಕಾರ್ಡರ್ ಕೆಡಿಸದೇ ಇನ್ನೇನು ಮಾಡ್ತಾರೆ?"

"ಅರೆಬರೆ?" ಎಂದ ಅಳಿಯ.

"ರೂಟ್ ಉಳ್ದಿದ್ದು ಅದೃಷ್ಟ ಅಷ್ಟೇ. ಎಲ್ಲೋ ನೋಡ್ಕೊಂಡು ಕಣ್ಮುಚ್ಚಿ ಒತ್ತಿರ್ತಾನೆ. ಫೋನ್ ಅಲ್ಲೇ ಸತ್ತೋಗಿದ್ರೆ ಕಂಪನಿ ಗತಿ ಏನಾಗ್ಬೇಕಿತ್ತು? ಎಳಸು ಕೈಗೆ ಇಂಥದ್ದೆಲ್ಲ ಕೊಡಬಾರದು ಯಜಮಾನ್ರೇ."

"ಸಾರ್, ಮಾತು ಸ್ವಲ್ಪ ನೋಡ್ಕೊಂಡು ಆಡಿ."

"ನೋಡ್ಕೊಂಡು ಆಡೋದೇನು ಬಂತು? ಬ್ಯಾಕಪ್ಪೂ ತೆಗೆದಿರಲ್ಲ ಇವನು. ಮುಖ ನೋಡಿದ್ರೆ ಗೊತ್ತಾಗಲ್ವಾ? ನಿಮ್ಮಂಥೋರಿಂದಲೇ ಕಣಯ್ಯ, ರೂಟ್ ಮಾಡೋರು ಅಂದ್ರೆ ಜನ ನಗೋದು!"

ಅಳಿಯ ಎದ್ದು ನಿಂತ. ಕಿವಿಯವರೆಗೆ ಕೆಂಪಾಗಿದ್ದ. ಸುಳ್ಳುಗಾರ ಎಂದಾಗ ತಣ್ಣಗಿದ್ದವನು ಕೆಲಸ ಬಾರದವನು ಎಂದಾಗ ಕುದಿದುಹೋದ.

"ಎಷ್ಟು ಫೋನ್ ಮಾಡಿದೀನಿ ಗೊತ್ತಾ ನಾನು? ಒಂದಾದ್ರೂ ಹಾಳಾಗಿದ್ರೆ ಕೇಳಿ! ಬ್ಯಾಕಪ್ ಇಲ್ದೆ ಅಪ್‌ಡೇಟ್‌ಗೆ ಕೈ ಹಾಕೋಕೆ ನಂಗೇನು ತಲೆ ಕೆಟ್ಟಿದೆಯಾ? ಪ್ರತಿ ಸಲ, ಅಪ್‌ಡೇಟ್‌ಗೆ ಮುಂಚೆ, ಪೂರ್ತಿ ಬ್ಯಾಕಪ್! ಒಂದು ಚೂರೂ ಬಿಡದೆ, ನೇರ ಆ ಕಂಪ್ಯೂಟರಿಗೆ..."

ಅವನ ಬೆರಳು ಪುಟ್ಟಿಯ ಮೇಜಿನ ಕಡೆ ಚಾಚಿ ಹಾಗೇ ನಿಂತುಬಿಟ್ಟಿತು. ಬಾಯಿಂದ ಏನು ಹೊರಬಿತ್ತೆಂದು ಅವನಿಗೆ ಆಗ ಹೊಳೆಯಿತು.

ಕೆಳಗೆ ವರ್ಕ್‌ಶಾಪಿನಲ್ಲಿ ಯಾರೋ ಕಬ್ಬಿಣ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು.

"ಪುಟ್ಟಿ," ಎಂದೆ, "ಹೋಗಿ ನಿನ್ನ ಕಂಪ್ಯೂಟರ್ ಆನ್ ಮಾಡು."

"ಇರ್ಲಿ ತಾಯಿ," ಎಂದು ಯಜಮಾನರು ಕೈ ಎತ್ತಿದರು. "ಅದರಲ್ಲಿ ಕಂಪನಿಯ ಬೇರೆ ಬೇರೆ ವಿಷಯ ಇರುತ್ತೆ. ಇನ್ಸ್‌ಪೆಕ್ಟರ್ ಬಂದ್ಮೇಲೆ ನಿಧಾನವಾಗಿ..."

"ಸತ್ಯ ಹೊರಗೆ ಬರ್ಲಿ ಅಂದ್ರಲ್ಲ ಯಜಮಾನ್ರೇ. ಬರ್ತಾ ಇದೆ. ದಾರಿ ಬಿಡೋಣ."

ಅಪಘಾತದ ದಿನದಿಂದ ಪುಟ್ಟಿಯನ್ನು ಆ ಮೇಜಿನ ಹತ್ತಿರ ಬಿಟ್ಟಿರಲಿಲ್ಲ. ಅವಳು ಕುರ್ಚಿಯ ಧೂಳು ಒರೆಸಿ ಕೂತಳು. ಭಾವ ಹಿಂದೆ ನಿಂತು ಇಲ್ಲಿ ಒತ್ತು, ಅಲ್ಲಿ ಒತ್ತು ಎಂದು ಹೇಳುತ್ತಾ ಹೋದರು. ಒಳಗೊಳಗೆ ಹೋದಂತೆ ಅಪಘಾತದ ದಿನದ ಬ್ಯಾಕಪ್ ಸಿಕ್ಕಿತು.

ನಾನು ಅಳಿಯನಿಗೆ ಹೇಳಿದೆ, "ನೀವು ಅಪ್‌ಡೇಟ್ ಮಾಡಿದ್ದು ಬೆಳಿಗ್ಗೆ ಸೈಟಿಗೆ ಹೋಗೋ ಮುಂಚೆ. ಅದಕ್ಕೂ ಮುಂಚೆ ತೆಗೆದಿದ್ದು ಈ ಬ್ಯಾಕಪ್. ಅಂದ್ಮೇಲೆ ಸೈಟಿಂದ ನೀವು ಮಾಡಿದ ಕರೆ ಇದರಲ್ಲಿ ಇರೋಕೆ ಸಾಧ್ಯವೇ ಇಲ್ಲ. ಅಲ್ವಾ?"

ಅವನು ಕುರ್ಚಿಯ ಮೇಲೆ ಕುಸಿದು ಕೂತ.

"ಇದೆ!" ಎಂದು ಕಿರುಚಿದಳು ಪುಟ್ಟಿ. "ಮೇಡಂ, ಇದೆ! ಆ ಕರೆ ಇಲ್ಲೇ ಇದೆ!"

ವಾರವೆಲ್ಲ ಅದು ಅವಳ ಮೇಜಿನ ಮೇಲೇ ಇತ್ತು. ಮಷಿನ್ ರೂಮಿನಿಂದ ಓಡಿಬಂದು, ಗಾಬರಿಯಲ್ಲಿ ಸಾಕ್ಷಿ ಅಳಿಸಲು ಕೂತವನು, ಅಳಿಸುವ ಮುಂಚೆ ಅಭ್ಯಾಸಬಲದಿಂದ ಅದರ ಪ್ರತಿ ತೆಗೆದಿಟ್ಟಿದ್ದ. ತಾನು ಹಾಗೆ ಮಾಡಿದ್ದು ಅವನ ತಲೆಗೇ ಬಂದಿರಲಿಲ್ಲ.

"ಹಾಕು," ಎಂದೆ.

"ಹಲೋ, ಆಫೀಸ್," ಎಂದಿತು ಪುಟ್ಟಿಯ ದನಿ.

"ಪುಟ್ಟಿ, ನಾನು. ಮೇನ್ ಆಫ್ ಮಾಡಿದೀನಿ. ಗುಂಡಿಗೆ ಇಳಿಯೋಕೆ ಹೇಳು."

"ಖಂಡಿತಾ ಆಫ್ ಆಗಿದೆಯಾ ಸಾರ್? ಇನ್ನೊಂದ್ಸಲ ನೋಡಿ ಸಾರ್. ಇಳೀತಿರೋದು ನಮ್ಮಣ್ಣ."

ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ಅಳಿಯನ ದನಿ, "ನೋಡ್ದೆ. ಆಫ್ ಆಗಿದೆ. ಇಳಿಸು."

ಅಷ್ಟೇ.

ಅತ್ತಿಗೆ ಯಾವಾಗ ಎದ್ದು ಬಂದಳೋ ಗೊತ್ತಿಲ್ಲ. ಪುಟ್ಟಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಿದ್ದಳು.

"ನೋಡಿ ಅಂತ ಕೇಳಿದ್ಯಲ್ಲೇ! ಇನ್ನೊಂದ್ಸಲ ನೋಡಿ ಅಂತ ಬೇಡ್ಕೊಂಡ್ಯಲ್ಲೇ! ನಾನು ಪಾಪಿ, ನಿನ್ನ ಜೊತೆ ಒಂದು ಮಾತಾಡಲಿಲ್ಲ..."

"ಅತ್ತಿಗೆ..." ಎಂದಳು ಪುಟ್ಟಿ. ಮುಂದಿನದೆಲ್ಲ ಅಳುವೇ.

ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಮಂಡಿ ಬೇಡವೆಂದಿತು. ಅದಕ್ಕೆ ಬದಲಾಗಿ ಭಾವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಇಷ್ಟು ವರ್ಷದ ಪತ್ತೇದಾರಿಕೆಯಲ್ಲಿ ಎಷ್ಟೋ ಜನರ ಸುಳ್ಳು ಹಿಡಿದಿದ್ದೇನೆ, ಬಾಯಿ ಬಿಡಿಸಿದ್ದೇನೆ. ಆದರೆ ಒಬ್ಬ ಹೆಣ್ಣುಮಗಳ ಮಾತು ನಿಜವೆಂದು ಅವಳ ಮನೆಯವರ ಎದುರಿಗೇ, ಅವಳದೇ ದನಿಯಲ್ಲಿ ಸಾಬೀತಾದದ್ದನ್ನು ನೋಡುವ ಸುಖವೇ ಬೇರೆ. ಇನ್ಸ್‌ಪೆಕ್ಟರ್ ಈಗಲೇ ಬರಲಿ, ಬೇಕಾದರೆ ಹತ್ತು ಜನ ಬರಲಿ ಎನ್ನಿಸಿತು.

"ಮರೆತೆ ಮೇಡಂ," ಎಂದು ಅಳಿಯ ಮುಖ ಮುಚ್ಚಿಕೊಂಡು ಬಿಕ್ಕಿದ. "ಆಫ್ ಮಾಡಿದೀನಿ ಅಂದ್ಕೊಂಡಿದ್ದೆ. ಬೇಕೂಂತ ಮಾಡಿಲ್ಲ."

"ಎಂಥ ಕೆಲಸ ಮಾಡ್ದೆಯೋ!" ಯಜಮಾನರು ಮೇಜು ಗುದ್ದಿದರು. ನೀರಿನ ಲೋಟ ತುಳುಕಿತು. "ನನ್ನ ಮಾನ ಕಳೆದ್ಯಲ್ಲೋ! ಪುಟ್ಟಿ, ನಮ್ಮನ್ನ ಕ್ಷಮಿಸಮ್ಮ. ಮೇಡಂ, ನಿಮಗೆ ಹೇಗೆ ಕೃತಜ್ಞತೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಮರೆವು, ಏನ್ಮಾಡೋಕಾಗುತ್ತೆ, ಮನುಷ್ಯ ಅಂದ್ಮೇಲೆ..."

"ಶ್!"

ಭಾವ ಇನ್ನೂ ಕಂಪ್ಯೂಟರ್ ಬಿಟ್ಟು ಕದಲಿರಲಿಲ್ಲ. ಸ್ಪೀಕರಿಗೆ ಕಿವಿ ಹಚ್ಚಿ ಅದೇ ಜಾಗವನ್ನು ಹಿಂದೆ ಮುಂದೆ ಮಾಡುತ್ತಿದ್ದರು.

"ನಡುವೆ ಸುಮ್ನಾಗ್ತಾನಲ್ಲ, ಅಲ್ಲಿ ಏನೋ ಇದೆ. ಇನ್ಯಾರೋ ಮಾತಾಡ್ತಿದಾರೆ."

"ಗಾಳಿ ಸಾರ್ ಅದು," ಎಂದ ಅಳಿಯ ತಟ್ಟನೆ. ಅಳು ಅಷ್ಟು ಬೇಗ ನಿಂತಿದ್ದು ನನಗೆ ಹಿಡಿಸಲಿಲ್ಲ.

"ದನಿ ಪೂರ್ತಿ ಏರಿಸಿ ಭಾವ."

ಪುಟ್ಟಿಯ ದನಿ ಕೋಣೆ ತುಂಬ ಮೊಳಗಿತು: ಇಳೀತಿರೋದು ನಮ್ಮಣ್ಣ. ಆಮೇಲೆ ಬುಸುಗುಟ್ಟುವ ಗಾಳಿ. ಗಾಳಿಯ ಹಿಂದೆ, ಫೋನಿನಿಂದ ದೂರ, ಮೆತ್ತಗಿನ, ಸಮಾಧಾನದ ಒಂದು ದನಿ. ಬೆಳಗಿನಿಂದ ನನ್ನನ್ನು ತಾಯಿ ತಾಯಿ ಎನ್ನುತ್ತಿದ್ದ ಅದೇ ದನಿ.

"ಮೇನ್ ಮುಟ್ಬೇಡ. ಅವನೇ ಇಳೀಲಿ."

ಆ ಹೊತ್ತಿನಲ್ಲಿ ತಾವು ಮನೆಯಲ್ಲಿ ಮಲಗಿದ್ದುದಾಗಿ ಯಜಮಾನರು ನನಗೆ ಹೇಳಿದ್ದರು.

"ಮಾವ, ನಾನು ಬಾಯಿ ಬಿಟ್ಟಿಲ್ಲ," ಎಂದ ಅಳಿಯ. "ದೇವರಾಣೆ, ನಿಮ್ಮ ಹೆಸರು ಎತ್ತಿಲ್ಲ."

ಯಜಮಾನರು ಅವನ ಕಡೆ ನೋಡಲೂ ಇಲ್ಲ. ಅಂಗಿಯ ಮೇಲೆ ಬಿದ್ದ ನೀರನ್ನು ಕೈಯಿಂದ ಒರೆಸಿಕೊಂಡು ಎದ್ದು ಬಾಗಿಲ ಕಡೆ ಹೆಜ್ಜೆ ಹಾಕಿದರು. ನಾನು ಎದ್ದು ಮಂಡಿ ಸರಿಮಾಡಿಕೊಳ್ಳುವಷ್ಟರಲ್ಲಿ ಅತ್ತಿಗೆ ಅಲ್ಲಿದ್ದಳು. ಬಾಗಿಲು ಎಳೆದಳು, ಚಿಲಕ ಹಾಕಿದಳು, ಅದಕ್ಕೆ ಬೆನ್ನು ಕೊಟ್ಟು ನಿಂತಳು. ವಾರದಿಂದ ಸರಿಯಾಗಿ ಊಟ ನಿದ್ದೆ ಕಾಣದ ಆ ಬಡಕಲು ಹೆಂಗಸಿನ ಮುಂದೆ ಯಜಮಾನರು ನಿಂತುಬಿಟ್ಟರು.

"ನನ್ ಗಂಡಾನೇ ಯಾಕೆ?" ಎಂದಳು. "ನಿಮಗೆ ಏನು ಮಾಡಿದ್ರು ಅವರು?"

ಯಜಮಾನರು ಅವಳನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಹೋದ ತಿಂಗಳು ಅದೇ ಗುಂಡೀಲಿ ಅವನಿಗೆ ಏನು ಸಿಕ್ತು ಅಂತ ನಿನಗೆ ಹೇಳೇ ಇಲ್ವಾ?"

ಅತ್ತಿಗೆ ಅವರ ಮಾತು ಅರ್ಥವಾಗದೆ ನನ್ನ ಕಡೆ ನೋಡಿದಳು, ಆಮೇಲೆ ಪುಟ್ಟಿಯ ಕಡೆ.

ಪುಟ್ಟಿ ತಲೆ ತಗ್ಗಿಸಿದಳು. ಅಣ್ಣ ಹೆಂಡತಿಗೆ ಹೇಳದ್ದನ್ನು ತಂಗಿಗೆ ಹೇಳಿದ್ದ.